ಸೊಂಟದಿಂದ ಕತ್ತಿಗೆ ಏರಿದ ಸೂಜಿ

ಕೋಲಾರದ ಎಪಿಎಂಸಿಯಲ್ಲಿ ಟೊಮ್ಯಾಟೊ ಬಾಕ್ಸ್ ಒಂದಕ್ಕೆ ಸುಮಾರು 15 ಕೆ.ಜಿ. ತೂಕ. ಸುಗ್ಗಿಯಲ್ಲಿ ಅವನ್ನು ಹೊತ್ತು ಹೊತ್ತು ಲಾರಿಗೆ ತುಂಬುವ ಹಮಾಲರು, ಮಾಲೂರಿನ ಇಟ್ಟಿಗೆ ಗೂಡಿನವರು, ಶ್ರೀನಿವಾಸಪುರದ ಮಾವಿನ ಮಂಡಿಯವರು, ಮುಳಬಾಗಿಲು ಕಡೆಯ ರೈತರು ಎಲ್ಲರಿಗೂ ಕತ್ತುನೋವು ಹಳೇ ನೆಂಟ. (ಬೆಂಗಳೂರಿನ ಕಂಪ್ಯೂಟರ್ ಮುಂದೆ ಕೂತವರನ್ನೂ ಅದು ಬಿಟ್ಟಿಲ್ಲ.) ನೋವು ತೋಳಿಗಿಳಿದು ಬೆರಳು ಜೋಮು ಹಿಡಿದಾಗಲೇ ಮುಲಾಮು ಬದಿಗಿಟ್ಟು ಟಮಕದ ಜಾಲಪ್ಪ ಆಸ್ಪತ್ರೆಗೋ ಬೆಂಗಳೂರಿಗೋ ಹೊರಡುವುದು. ‘ನರ ಒತ್ತಿದೆ’ ಎಂದ ವೈದ್ಯರು ಈಗೀಗ ಸ್ಟಿರಾಯ್ಡ್ ಇಂಜೆಕ್ಷನ್ನಿನ ಮಾತನ್ನೂ ಎತ್ತುತ್ತಾರೆ.

ಈ ಸೂಜಿ ಮೊದಲು ಚುಚ್ಚಿದ್ದು ಸೊಂಟದ ಕೆಳಗೆ. 1901ರಲ್ಲಿ ಪ್ಯಾರಿಸ್ಸಿನಲ್ಲಿ ಸಿಕಾರ್ ಮತ್ತು ಕತೆಲಾಂ, ಬೆನ್ನುಹುರಿಯ ಪೊರೆಯ ಹೊರಗಿನ ಜಾಗಕ್ಕೆ ಬಾಲಮೂಳೆಯ ಕಡೆಯಿಂದ ಕೊಕೇನ್ ಸೇರಿಸಿದರು. ಆ ಜಾಗ ಸಿಕ್ಕಿತೆಂದು ತಿಳಿಯುವ ಉಪಾಯವನ್ನು ಪ್ರಚಾರಕ್ಕೆ ತಂದವರು 1933ರಲ್ಲಿ ಇಟಲಿಯ ದೊಲಿಯೊತ್ತಿ: ಹೆಬ್ಬೆರಳಿನಿಂದ ಸಿರಿಂಜ್ ಒತ್ತುತ್ತಾ ಹೋದರೆ ಗಟ್ಟಿ ಪಟ್ಟಿಯೊಂದು ತಡೆಯುತ್ತದೆ; ಅದನ್ನು ದಾಟಿದ ಕ್ಷಣ ಒತ್ತಡ ತಟ್ಟನೆ ಸಡಿಲ.

ಸ್ಟಿರಾಯ್ಡ್ ಬಂದದ್ದು ಆಮೇಲೆ. 1948ರಲ್ಲಿ ಅಮೆರಿಕದ ರಾಚೆಸ್ಟರ್ ಊರಿನ ಮೇಯೊ ಕ್ಲಿನಿಕ್ಕಿನಲ್ಲಿ ಫಿಲಿಪ್ ಹೆಂಚ್ ಕೀಲುವಾತದ ರೋಗಿಗೆ ಕಾರ್ಟಿಸೋನ್ ಕೊಟ್ಟರು. 1950ರಲ್ಲಿ ನೊಬೆಲ್ ಬಂತು. 1952ರಲ್ಲಿ ಇಟಲಿಯ ರೊಬೆಕ್ಕಿ, ಕಾಪ್ರಾ ಸೊಂಟದ ನರಕ್ಕೆ ಹೈಡ್ರೊಕಾರ್ಟಿಸೋನ್ ಹಾಕಿದರು. ಬೆನ್ನುಮೂಳೆಗಳ ನಡುವಿನಿಂದ ಜಾರಿದ ಡಿಸ್ಕ್ ನರವನ್ನು ಒತ್ತುವುದಷ್ಟೇ ಅಲ್ಲ, ಕೆರಳಿಸಿ ಊದಿಸುತ್ತದೆ. ಮದ್ದು ಇಳಿಸುವುದು ಆ ಊತವನ್ನು, ಡಿಸ್ಕನ್ನಲ್ಲ.

ಕತ್ತಿಗೆ ಏರಲು ಸೂಜಿ ಹಿಂಜರಿದದ್ದು ಸರಿಯೇ. ಅಲ್ಲಿ ಇರುವುದು ಕೆಲವೇ ಮಿಲಿಮೀಟರ್ ಜಾಗ, ಅದರಾಚೆಗೇ ಬೆನ್ನುಹುರಿ. ಪಕ್ಕದಿಂದ ಚುಚ್ಚಿದಾಗ ಹರಳು ಹರಳಾದ ಸ್ಟಿರಾಯ್ಡ್ ರಕ್ತನಾಳಕ್ಕೆ ನುಗ್ಗಿ ಪಾರ್ಶ್ವವಾಯು, ಸಾವು ಆದದ್ದುಂಟು. 2014ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಬಗ್ಗೆ ಎಚ್ಚರಿಸಿತು. ಈಗ ಸಿ-ಆರ್ಮ್ ಎಕ್ಸ್‌-ರೇ ನೋಡುತ್ತಾ, ಸಾಮಾನ್ಯವಾಗಿ ಕತ್ತಿನ ಬುಡದಲ್ಲೇ ಚುಚ್ಚುತ್ತಾರೆ.

ಅದೇ ರಾಚೆಸ್ಟರಿನಲ್ಲಿ ಕತ್ತಿನ ನರ ಒತ್ತಿದ 561 ರೋಗಿಗಳ ಕುರಿತ ಅಧ್ಯಯನವನ್ನು 1994ರಲ್ಲಿ ಪ್ರಕಟಿಸಿದ ಕೆ. ರಾಧಾಕೃಷ್ಣನ್ ಮುಂದೆ ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯ ನಿರ್ದೇಶಕರಾದರು. ನಾಲ್ವರಲ್ಲಿ ಒಬ್ಬರಿಗೆ ಶಸ್ತ್ರಚಿಕಿತ್ಸೆ ಬೇಕಾಯಿತು. ಕೊನೆಗೆ ಸುಮಾರು 90% ಮಂದಿಗೆ ತೊಂದರೆ ಇರಲಿಲ್ಲ, ಇಲ್ಲವೇ ಅಲ್ಪಸ್ವಲ್ಪ ಇತ್ತು. ಹೀಗೆ ಹೆಚ್ಚಿನವರು ಕಾಲಕ್ರಮದಲ್ಲಿ ಸುಧಾರಿಸುವುದರಿಂದ, ಸೂಜಿ ಕೊಡುವುದು ಕೆಲವು ವಾರಗಳ ನೆಮ್ಮದಿ ಮಾತ್ರ ಎಂದೇ ನನ್ನ ತೀರ್ಮಾನ. ಚುಚ್ಚಿಸಿಕೊಳ್ಳುವ ಮುನ್ನ ಯಾವ ಸ್ಟಿರಾಯ್ಡ್, ಸಿ-ಆರ್ಮ್ ಇದೆಯೇ ಎಂದು ಕೇಳಿ. ಸಕ್ಕರೆ ಕಾಯಿಲೆ, ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಹೇಳಿ. ಕೈಯ ಬಲ ಕುಂದಿದರೆ, ನಡಿಗೆ ತಪ್ಪಿದರೆ, ಮೂತ್ರದ ಹಿಡಿತ ಹೋದರೆ ಸೂಜಿಗೆ ಕಾಯದೆ ತಕ್ಷಣ ದೊಡ್ಡಾಸ್ಪತ್ರೆಗೆ ಹೋಗಿ.