ನಗು ಯಾರ ಮೇಲೆ?

ಭಾಷೆ ಬೇರೆ, ಆಚಾರ ಬೇರೆಯಾದ ಇಬ್ಬರು ಪ್ರೀತಿಸುವ ಹಾಸ್ಯಚಿತ್ರ ತೆರೆಗೆ ಬಂದಾಗಲೆಲ್ಲ ನಮ್ಮ ವಿಮರ್ಶೆ ಎರಡೇ ಹಳಿಗಳ ಮೇಲೆ ಸಾಗುತ್ತದೆ. ಒಂದು ಗಲ್ಲಾಪೆಟ್ಟಿಗೆಯ ಲೆಕ್ಕ. ಇನ್ನೊಂದು, ‘ನಮ್ಮವರನ್ನು ಗೇಲಿ ಮಾಡಿದ್ದಾರೆ’ ಎಂಬ ದೂರು. ರೋಹಿತ್ ಶೆಟ್ಟಿ ನಿರ್ದೇಶಿಸಿದ ‘ಚೆನ್ನೈ ಎಕ್ಸ್‌ಪ್ರೆಸ್’ (2013) ಎದುರಿಸಿದ್ದೂ ಇದನ್ನೇ. ಚಿತ್ರ ಹಣ ಬಾಚಿತು. ಬೆಂಗಳೂರಿನಲ್ಲಿ ಬೆಳೆದ ದೀಪಿಕಾ ಪಡುಕೋಣೆಯ ಅಭಿನಯವನ್ನು ಅನೇಕರು ಮೆಚ್ಚಿದರು. ಆದರೆ ಆಕೆಯ ಮೀನಮ್ಮ ಆಡುವ ಹಿಂದಿಯ ಧಾಟಿ, ಲುಂಗಿಯುಟ್ಟು ಮಚ್ಚು ಹಿಡಿದ ದಾಂಡಿಗರು ತಮಿಳರ ವ್ಯಂಗ್ಯಚಿತ್ರವಾಯಿತು ಎಂಬ ಆಕ್ಷೇಪ ಬಲವಾಗಿಯೇ ಕೇಳಿಬಂತು.

ಆಕ್ಷೇಪ ನ್ಯಾಯವಾದದ್ದೇ. ಆದರೆ ಅದೊಂದೇ ಸತ್ಯವಲ್ಲ. ಆ ಚಿತ್ರದ ಎಷ್ಟೋ ತಮಿಳು ಮಾತುಗಳಿಗೆ ತೆರೆಯ ಮೇಲೆ ಅನುವಾದವೇ ಇಲ್ಲ. ಅಲ್ಲಿ ಪೆದ್ದನಾಗುವವನು ಹಿಂದಿಯೊಂದನ್ನೇ ಬಲ್ಲ ನಾಯಕ. ಎರಡೂ ಭಾಷೆ ಬಲ್ಲ ಹುಡುಗಿಯೇ ಅವನಿಗೆ ದಾರಿ ತೋರಬೇಕು.

ಇದು ಶಿರಾ ತಾಲ್ಲೂಕಿನ ಬರಗೂರಿನಂಥ ಊರಿನಿಂದ ನೋಡಿದರೆ ಬೇಗ ಹೊಳೆಯುತ್ತದೆ. ಶಿರಾ, ಪಾವಗಡ, ಮಧುಗಿರಿ ತಾಲ್ಲೂಕುಗಳಿಗೆ ಆಂಧ್ರ ನೆರೆಮನೆ. ಪಾವಗಡವಂತೂ ಮೂರು ಕಡೆ ಆಂಧ್ರದಿಂದಲೇ ಸುತ್ತುವರಿದಿದೆ. ಗಡಿಯಾಚೆಯ ಮಡಕಶಿರಾದಲ್ಲಿ ಕನ್ನಡದ ಮನೆಗಳಿಗೆ ಕೊರತೆಯಿಲ್ಲ. ಸಂತೆಯಲ್ಲಿ ಕನ್ನಡದಲ್ಲಿ ಆರಂಭವಾದ ಚೌಕಾಸಿ ತೆಲುಗಿನಲ್ಲಿ ಮುಗಿದರೆ ಇಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ಎದುರಿಗಿರುವವರ ಮಾತಿಗೆ ಹೊರಳುವುದು ಸೋಲಲ್ಲ, ಸೌಜನ್ಯ. ಮಹಾನಗರದ ವಿಮರ್ಶೆಗೆ ವಿಚಿತ್ರವೆನಿಸುವ ದ್ವಿಭಾಷಿಕತೆ ಗಡಿಯ ಜನರಿಗೆ ದಿನಚರಿ.

ಕೆ. ಬಾಲಚಂದರ್ ಇದನ್ನು ಮೊದಲೇ ಅರಿತಿದ್ದರು. ತಮಿಳು ಹುಡುಗ ಮತ್ತು ತೆಲುಗು ಹುಡುಗಿಯ ‘ಮರೋಚರಿತ್ರ’ (1978) ಅನ್ಯಭಾಷಿಕ ಪ್ರೇಕ್ಷಕರನ್ನೂ ಗೆದ್ದಿತು. ಅದರ ಹಿಂದಿ ರೂಪ ‘ಏಕ್ ದೂಜೇ ಕೇ ಲಿಯೇ’ (1981)ಯಲ್ಲಿ ತಮಿಳಿನ ವಾಸು ಪ್ರೀತಿಗಾಗಿ ಹಿಂದಿ ಕಲಿಯುತ್ತಾನೆ. ಲಿಫ್ಟಿನೊಳಗೆ ಸಿನಿಮಾ ಹೆಸರುಗಳನ್ನೇ ಪೋಣಿಸಿ ಹಾಡುತ್ತಾನೆ. ನಗುತ್ತಲೇ ಸಾಗುವ ಆ ಕಥೆ ಸಾವಿನಲ್ಲಿ ಮುಗಿಯುತ್ತದೆ. ಮೂರು ದಶಕಗಳ ನಂತರ ‘ಟು ಸ್ಟೇಟ್ಸ್’ (2014) ಪಂಜಾಬಿ ಮತ್ತು ತಮಿಳು ಕುಟುಂಬಗಳನ್ನು ಮದುವೆಯ ಚಪ್ಪರದಡಿ ಕೂರಿಸಿತು. ದುರಂತ ಸುಖಾಂತವಾದದ್ದು ಸಣ್ಣ ಪಲ್ಲಟವಲ್ಲ. ಆದರೆ ವಿಮರ್ಶಕರಲ್ಲಿ ಹಲವರು ಚರ್ಚಿಸಿದ್ದು ಉಡುಗೆ, ಊಟ, ಉಚ್ಚಾರಣೆಯ ಸರಿತಪ್ಪುಗಳನ್ನು.

ವಿಮರ್ಶೆ ಕೇಳಬೇಕಾದ ಪ್ರಶ್ನೆ ಬೇರೆ: ಇಬ್ಬರಲ್ಲಿ ಯಾರು ಯಾರ ಭಾಷೆ ಕಲಿತರು? ನಗು ಯಾರ ಮೇಲೆ ಬಿತ್ತು? ಕಲಿಯುವ ಹೊರೆ ಸದಾ ಒಬ್ಬರದೇ ಆದರೆ, ಎಷ್ಟೇ ನಗಿಸಿದರೂ ಅದು ಸಮಾನರ ಪ್ರೇಮವಲ್ಲ.

ಈ ಅಳತೆಗೋಲನ್ನು ಹಿಂದಿ ಚಿತ್ರಗಳಿಗಷ್ಟೇ ಹಿಡಿದರೆ ಸಾಲದು. ಮಂಗಳೂರು ಕನ್ನಡವನ್ನೂ ಉತ್ತರ ಕರ್ನಾಟಕದ ಮಾತನ್ನೂ ನಗೆಯ ಸರಕಾಗಿ ಬಳಸಿದ ಕನ್ನಡ ಚಿತ್ರಗಳು ಕಡಿಮೆಯೇನಲ್ಲ. ಅಲ್ಲಿ ನಾವು ಮನಸಾರೆ ನಕ್ಕು, ಪರರು ನಮ್ಮನ್ನು ಅಣಕಿಸಿದಾಗ ಮಾತ್ರ ಸಿಡಿದೇಳುವುದು ಯಾವ ನ್ಯಾಯ? ಗಡಿಯ ಸಂತೆಯಲ್ಲಿ ಸಿಗುವ ಸಾಮಾನ್ಯ ಸೌಜನ್ಯ ನಮ್ಮ ತೆರೆಯ ಮೇಲೂ ಸಿಗಬೇಡವೇ?