ಬೆಲೆಯೋ, ಬೆಳೆಯೋ, ಬೇಳೆಯೋ?

ಅಹಮದಾಬಾದು, ವಡೋದರಾ, ಸೂರತ್ ನಗರಗಳಲ್ಲಿ ಬೆಳೆಯುವ ಕನ್ನಡದ ಮಕ್ಕಳಿಗೆ ಶಾಲೆಯಲ್ಲಿ ಕನ್ನಡ ಕಲಿಯುವ ಅವಕಾಶ ಅಪರೂಪ. ಮನೆಮಾತನ್ನು ಬಿಟ್ಟರೆ ಅವರ ಕಿವಿಗೆ ಬೀಳುವ ಗ್ರಾಂಥಿಕ ಕನ್ನಡವೆಂದರೆ ಬಹುಮಟ್ಟಿಗೆ ವಾರ್ತಾವಾಚಕರದೇ. ವಾಚಕರ ನಾಲಗೆ ತೊಡರಿದರೆ ಊರಿನಲ್ಲಿ ತಿದ್ದಿಕೊಳ್ಳಲು ನೆರೆಹೊರೆಯುಂಟು. ಇಲ್ಲಿ ಆ ಸೌಕರ್ಯವಿಲ್ಲ.

ಪೇಟೆಧಾರಣೆಯ ವಾರ್ತೆಯೊಂದನ್ನು ಗಮನಿಸಬಹುದು. ಬೆಲೆ, ಬೆಳೆ, ಬೇಳೆ ಮೂರೂ ಅಲ್ಲಿ ಬರತಕ್ಕ ಪದಗಳೇ. ಮೊದಲೆರಡನ್ನು ಬೇರ್ಪಡಿಸುವುದು ಲಕಾರ-ಳಕಾರ, ಕೊನೆಯೆರಡನ್ನು ಹ್ರಸ್ವ-ದೀರ್ಘ. ‘ಬೆಲೆ ಕುಸಿಯಿತು’ ಎಂಬುದು ‘ಬೆಳೆ ಕುಸಿಯಿತು’ ಎಂದಾದರೆ ಪೇಟೆಯ ಸಂಗತಿ ಹೊಲಕ್ಕೆ ಹೋಗಿ ನಿಲ್ಲುತ್ತದೆ! ಗುಜರಾತಿ ಇಲ್ಲಿ ಅರ್ಧ ನೆರವಾಗುತ್ತದೆ, ಅರ್ಧ ಕೈಬಿಡುತ್ತದೆ. ಬೆಲ್ಲಕ್ಕೆ ‘ಗೋಳ್’, ಬಾಳೆಹಣ್ಣಿಗೆ ‘ಕೇಳಾ’ ಎನ್ನುವ ಆ ಭಾಷೆಯಲ್ಲಿ ಳಕಾರ ಜೀವಂತವಾಗಿದೆ. ಶಿಷ್ಟ ಹಿಂದಿಯಲ್ಲಿ ಅದಿಲ್ಲ. ಆದರೆ ಎ-ಏ, ಒ-ಓ ಎಂಬ ಹ್ರಸ್ವ-ದೀರ್ಘ ಭೇದ ಗುಜರಾತಿಗಿಲ್ಲ; ಪದಾಂತ್ಯದ ಅಕಾರವೂ ಉಚ್ಚಾರಣೆಯಲ್ಲಿ ಲೋಪವಾಗುತ್ತದೆ. ಆದುದರಿಂದಲೇ ಇಲ್ಲಿಯ ಮಕ್ಕಳ ಬಾಯಲ್ಲಿ ‘ಕೊಡು’, ‘ಕೋಡು’ ಒಂದಾಗುವುದುಂಟು. ಕರ್ನಾಟಕ ‘ಕರ್ನಾಟಕ್’ ಆಗುವುದುಂಟು.

ವಾಚಕರ ತಪ್ಪುಗಳ ಮೂಲ ಬೇರೆ. ಹಕಾರವನ್ನು ಬಿಟ್ಟು ‘ಹತ್ತು’ ಎಂಬುದನ್ನು ‘ಅತ್ತು’ ಎನ್ನುವುದು ಕೆಲವು ಸೀಮೆಗಳ ಸಹಜವಾದ ಆಡುಮಾತು, ಅದನ್ನು ಹಳಿಯಲಾಗದು. ಆದರೆ ಹತ್ತು ಕೋಟಿಯ ಲೆಕ್ಕ ಹೇಳುವಾಗ ಅಳುವುದು ತರವಲ್ಲ. 1935ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ತೆರೆದ ಬಾನುಲಿ ಕೇಂದ್ರಕ್ಕೆ ‘ಆಕಾಶವಾಣಿ’ ಎಂಬ ಹೆಸರು ಬಂದಿತು. ಶಕಾರ, ಣಕಾರಗಳೆರಡೂ ಕೂಡಿರುವ ಆ ಹೆಸರೇ ವಾಚಕರಿಗೆ ಮೊದಲ ಪರೀಕ್ಷೆ.

ಊರುಗಳ ಹೆಸರಿನ ತೊಡಕು ಇನ್ನೂ ದೊಡ್ಡದು. ಸುದ್ದಿಸಂಸ್ಥೆಗಳ ಬರಹ ಹಲವು ವೇಳೆ ಇಂಗ್ಲಿಷಿನಲ್ಲಿ ಬರುತ್ತದೆ. ರೋಮನ್ ಲಿಪಿಯ ಸಾಮಾನ್ಯ ಬರವಣಿಗೆಯಲ್ಲಿ ನ-ಣ, ಲ-ಳ, ತ-ಟ, ದ-ಡಗಳಿಗೆ ಭೇದವಿಲ್ಲ. 2014ರ ನವೆಂಬರ್ 1ರಂದು ಕರ್ನಾಟಕದ ಹನ್ನೆರಡು ನಗರಗಳ ಇಂಗ್ಲಿಷ್ ಹೆಸರುಗಳನ್ನು ಕನ್ನಡದ ಉಚ್ಚಾರಣೆಗೆ ಹೊಂದಿಸಲಾಯಿತು. ಆದರೂ ಆ ಲಿಪಿಯಲ್ಲಿ ಬಳ್ಳಾರಿಯ ಳಕಾರ, ಬೆಳಗಾವಿಯ ಳಕಾರ ಕಾಣಿಸುವುದಿಲ್ಲ. ಮುಂಚಿತವಾಗಿ ಒಮ್ಮೆ ಗಟ್ಟಿಯಾಗಿ ಓದಿಕೊಂಡು, ಸಂದೇಹ ಬಂದ ಹೆಸರಿನ ಮೇಲೆ ಕನ್ನಡದಲ್ಲಿ ಬರೆದುಕೊಳ್ಳುವ ವಾಚಕರು ಪಾರಾಗುತ್ತಾರೆ. ಕ್ಷಣಕ್ಷಣದ ಸುದ್ದಿಯ ಅವಸರದಲ್ಲಿ ಅಷ್ಟು ಪುರಸೊತ್ತು ಎಲ್ಲರಿಗೂ ದೊರೆಯದು.

ಗುಜರಾತಿನ ಊರುಗಳಿಗೂ ಇದೇ ಗತಿ. ಅಮುಲ್ ಹಾಲಿನಿಂದ ಹೆಸರಾದ ‘ಆಣಂದ’ ಕನ್ನಡ ವಾರ್ತೆಗಳಲ್ಲಿ ‘ಆನಂದ್’ ಆಗಿಬಿಡುತ್ತದೆ. ಕನ್ನಡಕ್ಕೆ ಣಕಾರದ ಬಡತನವೇನೂ ಇಲ್ಲ. ಅಹಮದಾಬಾದಿನಿಂದ ವಡೋದರೆಗೆ ಹೋಗುವ ದಾರಿಯಲ್ಲಿ ರೈಲ್ವೆ ನಿಲ್ದಾಣದ ಗುಜರಾತಿ ಫಲಕವನ್ನು ಓದಿದ ಮಗು, ಸಂಜೆ ಟೀವಿಯ ಮುಂದೆ ಕುಳಿತು ಆ ಒಂದು ಪದವನ್ನು ವಾಚಕರಿಗೇ ತಿದ್ದಿ ಹೇಳಬಲ್ಲದು.