ದಾರ ಹೇಳಿದ ದೂರ

ನಿಮ್ಮ ಮನೆಯಲ್ಲೂ ಕಪಾಟಿನ ಮೇಲೆ ಧೂಳು ಹಿಡಿದ ಒಂದು ಗ್ಲೋಬು ಇದ್ದೀತು. ನಮ್ಮದು ಮತ್ತೆ ಕೆಳಗಿಳಿದದ್ದು ಮಗಳು ಓದಲೆಂದು ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟಾಗ.

ಗೋಡೆಯ ನಕಾಶೆಯಲ್ಲಿ ನಾನು ಮುಂಬಯಿಯಿಂದ ಬೆರಳಿಟ್ಟು ಆಫ್ರಿಕ, ಅಟ್ಲಾಂಟಿಕ್ ದಾಟಿ ಅಮೆರಿಕದ ಆಚೆಯ ದಡ ಮುಟ್ಟುವಷ್ಟರಲ್ಲಿ ಕಣ್ಣು ತುಂಬಿತ್ತು. "ಅಮ್ಮಾ, ಅದನ್ನು ನೋಡಬೇಡ, ಇದನ್ನು ನೋಡು" ಎಂದು ಮಗಳು ಗ್ಲೋಬು ತಂದಳು. ಹೂ ಕಟ್ಟುವ ದಾರವನ್ನು ಎರಡೂ ಊರುಗಳ ಮೇಲಿಟ್ಟು ಬಿಗಿಯಾಗಿ ಎಳೆದಳು. ದಾರ ಪಶ್ಚಿಮಕ್ಕೆ ಹೋಗಲೇ ಇಲ್ಲ! ನೇರ ಉತ್ತರಕ್ಕೇರಿ, ಸೈಬೀರಿಯ ಹಾದು, ಆರ್ಕ್ಟಿಕ್ ಸಾಗರ ದಾಟಿ, ಅಲಾಸ್ಕದ ಮೇಲಿಂದ ಇಳಿಯಿತು.

ಇದು ಬರಿಯ ಆಟವಲ್ಲ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಸ್ಯಾನ್ ಫ್ರಾನ್ಸಿಸ್ಕೋದಿಂದ ನಮ್ಮ ಬೆಂಗಳೂರಿಗೆ ವಿಮಾನ ತಂದದ್ದು ಉತ್ತರ ಧ್ರುವದ ಮೇಲಿನಿಂದಲೇ.

ಹಾಗಾದರೆ ನಕಾಶೆ ಸುಳ್ಳೇ? ಕಿತ್ತಳೆ ಸಿಪ್ಪೆಯನ್ನು ಚಪ್ಪಟೆ ಮಾಡಿ ನೋಡಿ. ಹರಿಯಬೇಕು, ಇಲ್ಲವೇ ಹಿಗ್ಗಬೇಕು. 1569ರಲ್ಲಿ ಮರ್ಕೇಟರ್ ನಾವಿಕರಿಗಾಗಿ ಮಾಡಿದ ನಕಾಶೆಯಲ್ಲಿ ದಿಕ್ಕು ಸರಿ, ಆದರೆ ಧ್ರುವದತ್ತ ಹೋದಂತೆ ನೆಲ ಉಬ್ಬುತ್ತದೆ. ಅದರಲ್ಲಿ ಗ್ರೀನ್‌ಲ್ಯಾಂಡ್ ಭಾರತಕ್ಕಿಂತ ಎಷ್ಟೋ ದೊಡ್ಡದು. ನಿಜವಾಗಿ ಭಾರತದ ಮೂರನೇ ಎರಡರಷ್ಟು ಮಾತ್ರ. ಗ್ಲೋಬಿನಲ್ಲಿ ಈ ಮೋಸವಿಲ್ಲ.

ಆದರೂ ಗ್ಲೋಬು ತನ್ನನ್ನು ಮಾಡಿದವನಿಗೆ ತಿಳಿದಷ್ಟನ್ನೇ ಹೇಳೀತು. ಇಂದಿಗೂ ಉಳಿದಿರುವ ಅತಿ ಹಳೆಯ ಭೂಗೋಳ 1492ರಲ್ಲಿ ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ ಮಾರ್ಟಿನ್ ಬೆಹೈಮ್ ಮಾಡಿಸಿದ್ದು. ಅದರಲ್ಲಿ ಅಮೆರಿಕವೇ ಇಲ್ಲ! ಕೊಲಂಬಸ್ ಇನ್ನೂ ಮರಳಿ ಬಂದಿರಲಿಲ್ಲ.

ನಮ್ಮ ಹನ್ನೆರಡಂಗುಲದ ಗ್ಲೋಬಿನಲ್ಲಿ ಒಂದು ಸೆಂಟಿಮೀಟರ್ ಎಂದರೆ ಸುಮಾರು 420 ಕಿ.ಮೀ. ದಾರ ಅಳೆದರೆ 32 ಸೆಂ.ಮೀ., ಅಂದರೆ ಸುಮಾರು 13,500 ಕಿ.ಮೀ. ಗೇಣಿನ ಲೆಕ್ಕದಲ್ಲಿ ಒಂದೂವರೆ ಗೇಣು. ನನಗೆ ತುಸು ಸಮಾಧಾನವಾಯಿತು.

ಆಗ ಮಗಳು ಅದೇ ದಾರವನ್ನು ಮುಂಬಯಿಯಿಂದ ಧಾರವಾಡಕ್ಕೆ ಹಿಡಿದಳು. ಕಿರುಬೆರಳಿನ ಅಗಲವಷ್ಟೇ. ಅಲ್ಲಿ ಅವಳ ಅಜ್ಜಿ ಇದ್ದಾರೆ, ಎಂಬತ್ತು ದಾಟಿದವರು. "ತುಂಬಾ ದೂರ, ರಜೆ ಇಲ್ಲ" ಎನ್ನುತ್ತಲೇ ನಾವು ಹೋಗಿ ಮೂರು ವರ್ಷವಾಗಿತ್ತು. ಇಬ್ಬರೂ ಮಾತಾಡಲಿಲ್ಲ.

ಆ ಶುಕ್ರವಾರ ರಾತ್ರಿಯ ಬಸ್ಸಿಗೆ ಎರಡು ಟಿಕೇಟು ತೆಗೆಸಿದೆವು. ನೀವೂ ಒಮ್ಮೆ ದಾರ ಹಿಡಿದು ನೋಡಿ.